ಹಾಪ್ಸ್ ತೋಟದಲ್ಲಿ ನೆನಪಾದ ಅಡಿಕೆ ಚಪ್ಪರ

ಜರ್ಮನಿಯ ದಕ್ಷಿಣದ ತುದಿಯಲ್ಲಿ ಟೆಟ್ನಾಂಗ್ ಅಂತ ಒಂದು ಊರಿದೆ. 1844ರಿಂದ ಅಲ್ಲಿ ಹಾಪ್ಸ್ ಬೆಳೆಯುತ್ತಾರೆ. ಬಿಯರಿಗೆ ಕಹಿ, ಪರಿಮಳ ಎರಡನ್ನೂ ಕೊಡುವ ಬಳ್ಳಿ ಅದು. ತಮ್ಮನ ಮನೆಗೆ ಹೋದಾಗ, ಸೆಪ್ಟೆಂಬರ್ ಮೊದಲ ವಾರ, ಅಲ್ಲಿನ 'ಹಾಪ್ಫನ್‌ಗುಟ್ ನಂಬರ್ 20' ನೋಡಿ ಬಂದೆ. ಒಂದೇ ಕುಟುಂಬ ತಲೆಮಾರುಗಳಿಂದ ನಡೆಸುತ್ತಿರುವ ತೋಟ. ಬ್ರೂವರಿ, ಮ್ಯೂಸಿಯಂ ಎಲ್ಲಾ ಅಲ್ಲೇ ಇವೆ.

ನಾನು ಬಿಯರ್ ಕುಡಿಯುವುದಿಲ್ಲ. ನನಗೆ ಬೇಕಿದ್ದದ್ದು ಬಳ್ಳಿ. ನಮ್ಮ ಮೆಣಸಿನ ಬಳ್ಳಿ ಬೇರು ಬಿಟ್ಟು ಮರಕ್ಕೆ ಅಂಟಿಕೊಳ್ಳುತ್ತದೆ, ಅಲ್ವಾ? ಇದು ಹಾಗಲ್ಲ. ತಂತಿಗೆ ಸುತ್ತಿಕೊಂಡು ಏಳೆಂಟು ಮೀಟರ್ ಏರುತ್ತದೆ. ಬುಡ ವರ್ಷಗಟ್ಟಲೆ ಉಳಿಯುತ್ತದೆ, ಬಳ್ಳಿ ಮಾತ್ರ ಪ್ರತಿ ವಸಂತದಲ್ಲಿ ಹೊಸದು. ಹೆಣ್ಣು ಗಿಡಗಳನ್ನಷ್ಟೇ ಬೆಳೆಸುತ್ತಾರೆ. ಹಸಿರು ಹೂವೊಂದನ್ನು ಬೆರಳಲ್ಲಿ ಬಿಡಿಸಿದೆ. ಒಳಗೆ ಅರಿಶಿನದಂಥ ಪುಡಿ. ಅದೇ ಲುಪುಲಿನ್, ಬಿಯರಿಗೆ ಬೇಕಾದದ್ದೆಲ್ಲ ಅದರಲ್ಲೇ. ಕೈ ತೊಳೆದರೂ ವಾಸನೆ ಹೋಗಲಿಲ್ಲ.

ಮ್ಯೂಸಿಯಂನಲ್ಲಿ ಮಾತ್ರ ನಾನು ತುಂಬಾ ಹೊತ್ತು ನಿಂತುಬಿಟ್ಟೆ. ಯಂತ್ರ ಬರುವ ಮೊದಲು ಹೂವನ್ನೆಲ್ಲ ಕೈಯಲ್ಲೇ ಬಿಡಿಸುತ್ತಿದ್ದರು. ಅದಕ್ಕೆ ಪ್ರತಿ ವರ್ಷ ದೂರದೂರಿಂದ ಜನ ಬರುತ್ತಿದ್ದರು. ಕೂಲಿ ಅಳತೆಯ ಲೆಕ್ಕದಲ್ಲಿ.

ನನಗೆ ಸಾಗರದ ನಮ್ಮನೆ ಅಂಗಳ ಕಣ್ಣಿಗೆ ಬಂತು. ಕೊಯ್ಲಿನ ರಾತ್ರಿ, ಚಪ್ಪರದಡಿ ಸಾಲಾಗಿ ಕೂತ ಹೆಂಗಸರು, ಅಡಿಕೆ ಸುಲಿಯುವ ಮೆಟ್ಟುಗತ್ತಿ, ಆಚೆ ಹಂಡೆಯಲ್ಲಿ ಕುದಿಯುವ ಅಡಿಕೆಯ ಚೊಗರಿನ ವಾಸನೆ. ಅವರಿಗೂ ಡಬ್ಬದ ಲೆಕ್ಕವೇ. ಬೆರಳೆಲ್ಲ ಕಪ್ಪಾಗಿರುತ್ತಿತ್ತು. ಈಗ ನಮ್ಮಲ್ಲೂ ಸುಲಿಯುವ ಯಂತ್ರ ಬಂದಿದೆ. ಬರಲಿ, ಆ ನಿದ್ದೆಗೆಟ್ಟ ದುಡಿಮೆ ಯಾರಿಗೂ ಬೇಡ. ಆದರೆ ಆ ಕೈಗಳ ಗುರುತು ನಮ್ಮ ಯಾವ ತೋಟದ ಮನೆಯಲ್ಲಿದೆ? ಅಜ್ಜ ತೋಟ ಮಾಡಿದ ಕಥೆ ಹೇಳುತ್ತೇವೆ, ಸುಲಿದವರ ಹೆಸರು ನಮಗೆ ನೆನಪಿಲ್ಲ. ಇದು ತಪ್ಪು ಅಂತ ನನಗೆ ಗಟ್ಟಿಯಾಗಿ ಅನ್ನಿಸುತ್ತದೆ.

ಆ ಗುರುತು ಉಳಿಸಲು ದೊಡ್ಡ ಕಟ್ಟಡವೇನೂ ಬೇಡ. ಖಾಲಿ ಬಿದ್ದ ಒಂದು ಕೊಟ್ಟಿಗೆ ಸಾಕು. ಒಂದಷ್ಟು ಹಳೇ ಫೋಟೋ, ಡಬ್ಬ, ಕತ್ತಿ, ಕೂಲಿ ಬರೆದ ಪುಸ್ತಕ.

ಆವತ್ತು ರಾತ್ರಿಯೇ ಅಮ್ಮನಿಗೆ ಫೋನ್ ಮಾಡಿದೆ. ಅಟ್ಟದ ಮೇಲಿನ ಮೆಟ್ಟುಗತ್ತಿಗಳನ್ನು ಗುಜರಿಗೆ ಹಾಕಬೇಡ ಅಂದೆ. ಹನ್ನೊಂದು ಇವೆಯಂತೆ. ಯಾವುದರಲ್ಲಿ ಯಾರು ಕೂರುತ್ತಿದ್ದರು ಅಂತ ಅಮ್ಮ ಒಂದೊಂದಾಗಿ ಹೇಳುತ್ತಾ ಹೋದರು. ನಾನು ಬರೆದುಕೊಂಡೆ.