ಹಳೇ ಮ್ಯಾಗಜೀನಿನ ವಯಸ್ಸಿಗೆ ಸಾಕ್ಷಿ ಯಾರು?

ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದಲ್ಲಿ ರೈಫಲ್ ಇಟ್ಟುಕೊಂಡವರಿಗೆಲ್ಲ 1994ರ ಸೆಪ್ಟೆಂಬರ್ 13 ಬಾಯಿಪಾಠ. ಮ್ಯಾಗಜೀನ್ ಅಂದರೆ ರೈಫಲ್ಲಿಗೆ ಕೆಳಗಿನಿಂದ ಸಿಕ್ಕಿಸುವ ತೋಟಾದ ಡಬ್ಬಿ. ಹತ್ತಕ್ಕಿಂತ ಜಾಸ್ತಿ ತೋಟಾ ಹಿಡಿಯುವ ಡಬ್ಬಿ ಆ ದಿನ ಕಾನೂನುಬದ್ಧವಾಗಿ ಯಾರದಾದರೂ ಕೈಯಲ್ಲಿ ಇದ್ದಿದ್ದರೆ, ಲೈಸೆನ್ಸ್ ಇರುವವರು ಅದನ್ನು ಇವತ್ತೂ ಇಟ್ಟುಕೊಳ್ಳಬಹುದು. ಆಮೇಲೆ ತಯಾರಾಗಿದ್ದರೆ ಅದು ಅಪರಾಧ. ಮೊದಲ ಸಲಕ್ಕೇ ಒಂದರಿಂದ ಹತ್ತು ವರ್ಷದವರೆಗೆ ಜೈಲು, ಇಲ್ಲವೇ 1,000ದಿಂದ 10,000 ಡಾಲರ್ ದಂಡ, ಅಥವಾ ಎರಡೂ.

ಇಷ್ಟು ದೊಡ್ಡ ಶಿಕ್ಷೆ ನಿಂತಿರುವುದು ಒಂದು ತಾರೀಖಿನ ಮೇಲೆ. ಆದರೆ ಹೆಚ್ಚಿನ ಮ್ಯಾಗಜೀನುಗಳ ಮೇಲೆ ತಾರೀಖೇ ಇರುವುದಿಲ್ಲ. ಯಾವ ಕಚೇರಿಯ ಪುಸ್ತಕದಲ್ಲೂ ಅವುಗಳ ಲೆಕ್ಕ ಇಲ್ಲ. ಹತ್ತರ ಮಿತಿ ಸರಿಯೋ ತಪ್ಪೋ ಅನ್ನುವ ಜಗಳ ಇಲ್ಲಿ ಬೇಡ. ಮಿತಿ ಹಾಕಿದ ಸರ್ಕಾರ, ಅದನ್ನು ನಿಯತ್ತಿನಿಂದ ಪಾಲಿಸುವವನಿಗೆ ತಾನು ಸರಿಯಾಗಿದ್ದೇನೆ ಎಂದು ತೋರಿಸಿಕೊಳ್ಳಲು ಒಂದು ದಾರಿ ಕೊಡಲೇಬೇಕು. ಇಲ್ಲಿ ಆ ದಾರಿ ಇಲ್ಲ. ಕೊಡಗಿನಲ್ಲಿ, ಕೋವಿ ಇರುವ ಮನೆಯಲ್ಲಿ ಬೆಳೆದು ಈಗ ಈ ರಾಜ್ಯದಲ್ಲಿ ನೆಲೆಸಿರುವ ನನಗೆ ಇದು ಎದ್ದು ಕಾಣುತ್ತದೆ.

ಇದು ಹೀಗಾಗಿದ್ದಕ್ಕೆ ಒಂದು ಕಥೆ ಇದೆ. 1994ರಲ್ಲಿ ಅಧ್ಯಕ್ಷ ಬಿಲ್ ಕ್ಲಿಂಟನ್ ಸಹಿ ಹಾಕಿದ ಕೇಂದ್ರದ ಕಾನೂನು ಹತ್ತು ವರ್ಷದ ಅವಧಿಯದ್ದು. ಅದು ಬಂದ ಮೇಲೆ ತಯಾರಾಗುವ ದೊಡ್ಡ ಮ್ಯಾಗಜೀನ್ ಪೊಲೀಸರಿಗೆ, ಸೈನ್ಯಕ್ಕೆ ಮಾತ್ರ. ಅದರ ಮೇಲೆ ಸೀರಿಯಲ್ ನಂಬರ್ ಇರಬೇಕು, ಸರ್ಕಾರಿ ಬಳಕೆಗೆ ಮಾತ್ರ ಎಂದು ಅಚ್ಚು ಹಾಕಿರಬೇಕು. ಹಾಗಾಗಿ ಆ ಹತ್ತು ವರ್ಷ ಗುರುತು ಹಿಡಿಯುವುದು ಸುಲಭವಿತ್ತು. ಅಚ್ಚು ಇದ್ದರೆ ಹೊಸದು, ಇಲ್ಲದಿದ್ದರೆ ಹಳೆಯದು. ಕಾನೂನಿನಲ್ಲೇ ಒಂದು ಒಳ್ಳೆಯ ಸಾಲು ಇತ್ತು. ಸೀರಿಯಲ್ ನಂಬರ್ ಇಲ್ಲ ಅಂದರೆ ಮ್ಯಾಗಜೀನ್ ನಿಷೇಧಕ್ಕೆ ಒಳಪಟ್ಟಿಲ್ಲ ಎಂದೇ ಮೊದಲು ಭಾವಿಸಬೇಕು, ಹೊಸದು ಎಂದು ಸಾಬೀತು ಮಾಡುವ ಹೊಣೆ ಸರ್ಕಾರದ್ದು.

2004ರ ಸೆಪ್ಟೆಂಬರ್‌ನಲ್ಲಿ ಅವಧಿ ಮುಗಿಯಿತು. ಆ ಸಾಲೂ ಹೋಯಿತು. ಕಾರ್ಖಾನೆಗಳು ಮತ್ತೆ ದೊಡ್ಡ ಮ್ಯಾಗಜೀನ್ ಮಾಡಿ ಎಲ್ಲರಿಗೂ ಮಾರತೊಡಗಿದವು, ಈ ಸಲ ಯಾವ ಅಚ್ಚೂ ಬೇಕಿರಲಿಲ್ಲ. ಆದರೆ ಮ್ಯಾಸಚೂಸೆಟ್ಸ್ 1998ರಲ್ಲೇ ಅದೇ ನಿಷೇಧವನ್ನು ತನ್ನ ಕಾನೂನಿಗೆ ಸೇರಿಸಿಕೊಂಡಿತ್ತು, ಮುಗಿಯುವ ದಿನ ಇಲ್ಲದೆ. ಹೀಗಾಗಿ ಇವತ್ತು ಅಚ್ಚಿಲ್ಲದ ಮ್ಯಾಗಜೀನ್ ಕೈಗೆ ಬಂದರೆ ಅದು 1994ಕ್ಕೆ ಹಿಂದಿನದೂ ಇರಬಹುದು, 2004ರ ಆಚೆಯದೂ ಇರಬಹುದು. ಒಂದು ಮನೆಯಲ್ಲಿ ಇಡಬಹುದು, ಇನ್ನೊಂದು ಜೈಲಿಗೆ ಕಳಿಸಬಹುದು. ನೋಡಲು ಎರಡೂ ಒಂದೇ ಥರ.

ಕೆಲವನ್ನು ನೋಡಿದ ಕೂಡಲೇ ಹೇಳಬಹುದು. ಮ್ಯಾಗ್‌ಪುಲ್ ಕಂಪನಿ ಶುರುವಾಗಿದ್ದೇ 1999ರಲ್ಲಿ. ಅದರ ಪ್ಲಾಸ್ಟಿಕ್ ಪಿಮ್ಯಾಗ್ ಬಂದಿದ್ದು ಇನ್ನೂ ಆಮೇಲೆ. ಹಾಗಾಗಿ ಮಾರುವವನು ಏನೇ ಹೇಳಲಿ, ಮೂವತ್ತು ತೋಟಾದ ಪಿಮ್ಯಾಗ್ ಮ್ಯಾಸಚೂಸೆಟ್ಸ್ ಲೆಕ್ಕದಲ್ಲಿ ಹಳೆಯದಾಗಲು ಸಾಧ್ಯವೇ ಇಲ್ಲ. ಅದರ ಮೈಮೇಲೆ ಗಡಿಯಾರದ ಮುಖದಂಥ ಸಣ್ಣ ಅಚ್ಚು ಇರುತ್ತದೆ, ತಯಾರಾದ ಕಾಲ ಅದರಲ್ಲೇ ಗೊತ್ತಾಗುತ್ತದೆ.

ಕಷ್ಟ ಇರುವುದು ಎಆರ್-15 ಎಂಬ ರೈಫಲ್ಲಿನ ಅಲ್ಯೂಮಿನಿಯಂ ಮ್ಯಾಗಜೀನುಗಳಲ್ಲಿ. ವಿಯೆಟ್ನಾಂ ಯುದ್ಧದ ಕಾಲದಿಂದ ಇವತ್ತಿನವರೆಗೆ ಅವುಗಳ ಆಕಾರ ಹೆಚ್ಚೇನೂ ಬದಲಾಗಿಲ್ಲ. ತಯಾರಕರ ಹೆಸರು ಇರುವುದು ತಳದ ತಗಡಿನ ಮೇಲೆ. ಅದರ ಮೇಲೆ ಕೋಲ್ಟ್ ಇಂಡಸ್ಟ್ರೀಸ್, ಹಾರ್ಟ್‌ಫರ್ಡ್ ಎಂದಿದ್ದರೆ ಆ ತಗಡು 1990ಕ್ಕೆ ಹಿಂದಿನದು, ಯಾಕೆಂದರೆ ಆ ವರ್ಷ ಕೋಲ್ಟ್ ಇಂಡಸ್ಟ್ರೀಸ್ ತನ್ನ ಬಂದೂಕಿನ ವ್ಯವಹಾರವನ್ನು ಬೇರೆಯವರಿಗೆ ಮಾರಿತು. ಸೈನ್ಯಕ್ಕೆ ಮಾಡಿದ ಕೆಲವು ತಗಡುಗಳ ಮೇಲೆ ತಯಾರಕರ ಸಂಕೇತದ ಜೊತೆ ತಿಂಗಳು, ವರ್ಷ ಕೂಡ ಒತ್ತಿರುತ್ತಾರೆ.

ಆದರೆ ಆ ತಗಡನ್ನು ಬೆರಳಿನಿಂದ ಎತ್ತಿ ಜಾರಿಸಿದರೆ ಸಾಕು, ಕಳಚಿ ಬರುತ್ತದೆ. ಬೇರೆ ಮ್ಯಾಗಜೀನಿನ ತಗಡು ಅಲ್ಲಿ ಸಲೀಸಾಗಿ ಕೂರುತ್ತದೆ. ಒಳಗಡೆ ತೋಟಾವನ್ನು ಮೇಲಕ್ಕೆ ದೂಡುವ ಫಾಲೋವರ್ ಎಂಬ ತುಂಡಿನದೂ ಇದೇ ಕಥೆ. ಅಮೆರಿಕದ ಸೈನ್ಯ ಮರಳು ಬಣ್ಣದ ಫಾಲೋವರ್ ತಂದಿದ್ದು 2009ರಲ್ಲಿ. ಅದು ಕಂಡರೆ ಮ್ಯಾಗಜೀನ್ ಹೊಸದು ಎಂದು ಸಂಶಯ ಬರುತ್ತದೆ, ಅಷ್ಟೇ. ಹಳೇ ಮ್ಯಾಗಜೀನಿಗೆ ಹೊಸ ಸ್ಪ್ರಿಂಗು, ಹೊಸ ಫಾಲೋವರ್ ಹಾಕಿಸುವುದು ಮಾಮೂಲಿ ರಿಪೇರಿ. ಬಿಡಿಭಾಗಗಳು ಸಿಗುತ್ತಲೇ ಇವೆ. ತಗಡಿನ ಬರಹ ತಗಡಿನ ವಯಸ್ಸು ಹೇಳುತ್ತದೆ, ಫಾಲೋವರಿನ ಬಣ್ಣ ಫಾಲೋವರಿನ ವಯಸ್ಸು ಹೇಳುತ್ತದೆ. ಅಲ್ಯೂಮಿನಿಯಂ ಮೈ ಮಾತ್ರ ಏನೂ ಹೇಳುವುದಿಲ್ಲ. ನಾಲ್ಕು ಗುರುತು ಒಂದೇ ಕಾಲದತ್ತ ಬೆರಳು ತೋರಿಸಿದರೆ ಅದು ಒಳ್ಳೆಯ ಅಂದಾಜು. ನ್ಯಾಯಾಲಯದಲ್ಲಿ ನಿಲ್ಲಬೇಕಾದವನಿಗೆ ಅಂದಾಜು ಸಾಲುತ್ತದೆಯೇ?

ವಯಸ್ಸು ಗೊತ್ತಾದರೂ ಕೆಲಸ ಮುಗಿಯಲಿಲ್ಲ. ಕಾನೂನು ಕೇಳುವುದು ಅದು ಆ ದಿನ ಕಾನೂನುಬದ್ಧವಾಗಿ ಒಬ್ಬರ ಬಳಿ ಇತ್ತೇ ಎಂದು. ಪೂರ್ವ ಯುರೋಪಿನ ಯಾವುದೋ ಸೈನ್ಯದ ಗೋದಾಮಿನಲ್ಲಿ 1980ರಿಂದ ಬಿದ್ದಿದ್ದು 2004ರ ನಂತರ ಹಡಗು ಹತ್ತಿ ಬಂದ ಎಕೆ ಮ್ಯಾಗಜೀನನ್ನು ಹೇಗೆ ನೋಡಬೇಕು? ವಸ್ತು ಹಳೆಯದು, ಸ್ಥಾನಮಾನ ಗೋಜಲು. ಗೊತ್ತಿರುವವರು ಇಂಥದ್ದನ್ನು ಮುಟ್ಟುವುದಿಲ್ಲ.

ನಮ್ಮ ಶೂಟಿಂಗ್ ಕ್ಲಬ್ಬಿಗೆ ಬರುವ ಹಾಸನದ ಕಡೆಯ ಹುಡುಗನೊಬ್ಬ ಕೆಲವು ವರ್ಷದ ಹಿಂದೆ ಒಂದು ಇಶಾಪುರ್ ರೈಫಲ್ ಕೊಂಡ. 1962ರ ಚೀನಾ ಯುದ್ಧದ ನಂತರ ಬಂಗಾಳದ ಇಶಾಪುರದ ರೈಫಲ್ ಕಾರ್ಖಾನೆ ಹಳೇ ಲೀ-ಎನ್‌ಫೀಲ್ಡ್ ಮಾದರಿಯನ್ನೇ ಹಿಡಿದು, 7.62 ಎಂಎಂ ತೋಟಾಕ್ಕೆ ಹೊಂದುವಂತೆ ಮಾಡಿದ 2ಎ1 ಅದು. ಭಾರತದಲ್ಲಿ ಆದ ಕೋವಿ ಎಂಬ ಪ್ರೀತಿಗೇ ಕೊಂಡಿದ್ದ. ಪ್ರತಿ ಸಲ ಬೋಲ್ಟ್ ಎಳೆದು ಹೊಡೆಯಬೇಕಾದ ನಿಧಾನದ ಕೋವಿ. ಆದರೆ ಚೌಕಾಕಾರದ ಅದರ ಮ್ಯಾಗಜೀನ್ ಹನ್ನೆರಡು ತೋಟಾ ಹಿಡಿಯುತ್ತದೆ. ಹತ್ತರ ಗೆರೆ ದಾಟಿತು, ಅಲ್ವಾ?

"ಅಣ್ಣಾ, ಇದು ನಡೆಯುತ್ತಾ?" ಎಂದು ಕೇಳಿಕೊಂಡು ಮನೆಗೆ ಬಂದ. ಕೋವಿಯ ಹಿಡಿಯ ಬುಡದ ಉಕ್ಕಿನ ಮೇಲೆ ಕಾರ್ಖಾನೆಯ ಗುರುತು, ವರ್ಷ ಎರಡೂ ಇದ್ದವು. 2ಎ1 ತಯಾರಿಕೆ 1970ರ ದಶಕದಲ್ಲೇ ನಿಂತಿದ್ದರಿಂದ ವಯಸ್ಸಿನ ಪ್ರಶ್ನೆ ಮುಗಿಯಿತು. ಆದರೆ ಅದು ಅಮೆರಿಕಕ್ಕೆ ಬಂದಿದ್ದು ಯಾವಾಗ? ನಳಿಗೆಯ ಮೇಲೆ ಆಮದು ಮಾಡಿದವರ ಹೆಸರು ಇತ್ತು, ವರ್ಷ ಇರಲಿಲ್ಲ. ಮಾರಿದ ಹಿರಿಯರು ಕ್ಲಬ್ಬಿನ ಹಳೇ ಸದಸ್ಯರು. ಅವರ ಹತ್ತಿರ 1994ಕ್ಕೂ ಹಿಂದಿನ ಅಂಗಡಿ ರಸೀದಿ ಇತ್ತು, ಮಡಿಕೆಗಳಲ್ಲಿ ಹರಿದು ಹಳದಿಯಾಗಿದ್ದರೂ ತಾರೀಖು ಸ್ಪಷ್ಟವಾಗಿತ್ತು. ಅದನ್ನು ಕೊಟ್ಟರು. ಮ್ಯಾಗಜೀನು ಅದೇ ಕೋವಿಯ ಜೊತೆ ಬಂದಿದ್ದು ಎಂದು ಒಂದು ಹಾಳೆಯಲ್ಲಿ ಬರೆದು ಸಹಿಯನ್ನೂ ಹಾಕಿದರು. ಆ ರಸೀದಿಯನ್ನು ಅವರು ಎಂದೋ ಬಿಸಾಕಿದ್ದರೆ ಹುಡುಗನ ಕೈಯಲ್ಲಿ ಏನೂ ಇರುತ್ತಿರಲಿಲ್ಲ.

ಈಗ ನಮ್ಮ ಕಡೆಯ ಕ್ರಮ ನೋಡಿ. ಕೊಡಗಿನಲ್ಲಿ ಜಮ್ಮಾ ಎಂಬ ವಂಶಪಾರಂಪರ್ಯದ ಭೂಮಿಯ ಹಿಡುವಳಿದಾರರಿಗೂ ಕೊಡವರಿಗೂ ಕೋವಿ ಲೈಸೆನ್ಸಿನಿಂದ ವಿನಾಯಿತಿ ಇದೆ. ಬ್ರಿಟಿಷರು 1861ರಲ್ಲಿ ಕೊಟ್ಟಿದ್ದು, ಸ್ವಾತಂತ್ರ್ಯದ ನಂತರ 1959ರ ಶಸ್ತ್ರಾಸ್ತ್ರ ಕಾಯ್ದೆಯಡಿ ಮುಂದುವರಿಯಿತು. 2019ರಲ್ಲಿ ಕೇಂದ್ರ ಸರ್ಕಾರ ಅದನ್ನು 2029ರವರೆಗೆ ವಿಸ್ತರಿಸಿತು, 2021ರಲ್ಲಿ ಕರ್ನಾಟಕ ಹೈಕೋರ್ಟ್ ಎತ್ತಿ ಹಿಡಿಯಿತು. ಹೊರಗಿನವರು ಇದನ್ನು ಕೇಳಿ ಕೊಡಗಿನಲ್ಲಿ ಲೆಕ್ಕವೇ ಇಲ್ಲ ಅಂದುಕೊಳ್ಳುತ್ತಾರೆ. ಹಾಗಿಲ್ಲ. ವಿನಾಯಿತಿ ಪತ್ರ ಇರುತ್ತದೆ, ಅದರಲ್ಲಿ ಕೋವಿಯ ವಿವರ ಇರುತ್ತದೆ. ಕೈಲ್‌ಪೊಳ್ದ್‌ ಹಬ್ಬಕ್ಕೆ ನಳಿಗೆಗೆ ತೋಕ್ ಪೂ, ಅಂದರೆ ಕೋವಿ ಹೂವು, ಸಿಕ್ಕಿಸಿ ಪೂಜೆಗಿಡುವ ಆ ಕೋವಿ ಯಾರದು, ಯಾವುದು ಎಂದು ಕಾಗದ ಹೇಳುತ್ತದೆ. ವಿನಾಯಿತಿ ಇಲ್ಲದ ಮಲೆನಾಡಿನ ರೈತರ ಬೆಳೆ ರಕ್ಷಣೆಯ ಕೋವಿಗಾದರೆ ಲೈಸೆನ್ಸ್ ಪುಸ್ತಕ. ಕೋವಿಯ ನಂಬರು ಅದರಲ್ಲೇ, ತೋಟಾ ಕೊಂಡ ಲೆಕ್ಕವೂ ಅದರಲ್ಲೇ.

ಊರಿನಲ್ಲಿ ಹೆಚ್ಚಾಗಿ ಇರುವುದು ಒಂಟಿ ನಳಿಗೆ, ಜೋಡಿ ನಳಿಗೆ ಕೋವಿಗಳು, ಮ್ಯಾಗಜೀನಿನ ಪ್ರಶ್ನೆ ಬರುವುದು ಕಡಿಮೆ ಎಂಬುದು ನಿಜ. ನವೀಕರಣಕ್ಕೆ ಡಿಸಿ ಕಚೇರಿಗೆ ಅಲೆದು ಚಪ್ಪಲಿ ಸವೆಸುವುದೂ ನಿಜ. ಚುನಾವಣೆ ಬಂದಾಗಲೆಲ್ಲ ಕೋವಿಯನ್ನು ಠಾಣೆಯಲ್ಲಿ ಠೇವಣಿ ಇಡಬೇಕೆಂದಾಗ, ಆನೆ, ಹಂದಿ ತೋಟಕ್ಕೆ ನುಗ್ಗುವ ಊರಿನ ರೈತರಿಗೆ ಸಿಟ್ಟು ಬರುವುದು ನ್ಯಾಯವೇ. ಆದರೆ ಠೇವಣಿ ಇಟ್ಟವನಿಗೂ ರಸೀದಿ ಸಿಗುತ್ತದೆ. ತನ್ನ ಕೋವಿ ಸಕ್ರಮವೋ ಅಕ್ರಮವೋ ಎಂಬ ಅನುಮಾನದಲ್ಲಿ ಅವನು ರಾತ್ರಿ ಕಳೆಯುವುದಿಲ್ಲ. ಈ ಒಂದು ವಿಷಯದಲ್ಲಿ ನಮ್ಮ ಕ್ರಮವೇ ಮೇಲು ಎಂದು ಧೈರ್ಯವಾಗಿ ಹೇಳುತ್ತೇನೆ.

ಅಮೆರಿಕದವರಿಗೆ ಇದು ಆಗದ ಕೆಲಸ ಅಲ್ಲ. ಪಕ್ಕದ ಕನೆಕ್ಟಿಕಟ್ ಮಾಡಿ ತೋರಿಸಿದೆ. 2012ರ ಡಿಸೆಂಬರ್‌ನಲ್ಲಿ ಸ್ಯಾಂಡಿ ಹುಕ್ ಶಾಲೆಯ ಹತ್ಯಾಕಾಂಡ ಆದ ಮೇಲೆ, 2013ರ ಏಪ್ರಿಲ್‌ನಲ್ಲಿ ಅಲ್ಲೂ ಹತ್ತರ ಮಿತಿ ಬಂತು. ಆದರೆ ಈಗಾಗಲೇ ಇಟ್ಟುಕೊಂಡವರು 2014ರ ಜನವರಿ 1ರ ಒಳಗೆ ಪೊಲೀಸ್ ಇಲಾಖೆಗೆ ಘೋಷಣೆ ಕೊಟ್ಟು ಇಟ್ಟುಕೊಳ್ಳಬಹುದು ಎಂದರು. ಕೊನೆಯ ದಿನಗಳಲ್ಲಿ ಉದ್ದದ ಸಾಲು ನಿಂತಿತ್ತು. ಗಡುವು ತಪ್ಪಿಸಿಕೊಂಡವರಿಗೆ ಕಷ್ಟವಾಯಿತು, ಅದು ಇನ್ನೂ ಉದಾರವಾಗಿ ಇರಬಹುದಿತ್ತು. ಆದರೆ ಕೊಟ್ಟವರ ಹತ್ತಿರ ಇವತ್ತು ಒಂದು ಕಾಗದ ಇದೆ. ಫಾಲೋವರಿನ ಬಣ್ಣ ನೋಡಿ ಕೂರಬೇಕಿಲ್ಲ.

ಇಲ್ಲಿಯ ಸ್ನೇಹಿತರು ಇದಕ್ಕೆ ಹೇಳುವ ಮಾತು ಗೊತ್ತು. ಪಟ್ಟಿಗೆ ಹೆಸರು ಸೇರಿಸಿದರೆ ನಾಳೆ ಆ ಪಟ್ಟಿ ಹಿಡಿದುಕೊಂಡೇ ಮನೆಗೆ ಬರುತ್ತಾರೆ ಎಂದು. ಭಯ ಸುಮ್ನೆ ಹುಟ್ಟಿದ್ದಲ್ಲ. ಆದರೆ ನ್ಯೂಯಾರ್ಕ್ ನೋಡಿ. ಅಲ್ಲಿ 1994ರ ಹಿಂದಿನ ಮ್ಯಾಗಜೀನುಗಳಿಗೆ ಇದ್ದ ರಿಯಾಯಿತಿಯನ್ನು 2013ರಲ್ಲಿ ಒಂದೇ ಏಟಿಗೆ ತೆಗೆದರು. ಅಲ್ಲಿ ಮ್ಯಾಗಜೀನುಗಳ ಪಟ್ಟಿಯೇನೂ ಇರಲಿಲ್ಲ. ನ್ಯೂಜೆರ್ಸಿ 2018ರಲ್ಲಿ ಹದಿನೈದರ ಮಿತಿಯನ್ನು ಹತ್ತಕ್ಕೆ ಇಳಿಸಿದಾಗಲೂ ಜನರ ಕೈಯಲ್ಲಿ ಇದ್ದದ್ದನ್ನು ಬಿಡಲಿಲ್ಲ. ಪಟ್ಟಿ ಇಲ್ಲದಿರುವುದು ಯಾರನ್ನೂ ಕಾಪಾಡಲಿಲ್ಲ.

ಮ್ಯಾಸಚೂಸೆಟ್ಸ್‌ನಲ್ಲಿ 2024ರ ಹೊಸ ಕಾನೂನು ಇನ್ನೂ ಬಿಗಿ ಮಾಡಿದೆ. ಹಳೇ ಮ್ಯಾಗಜೀನನ್ನೂ ಸ್ವಂತ ಜಾಗದಲ್ಲಿ, ಅನುಮತಿ ಇರುವ ಖಾಸಗಿ ಜಾಗದಲ್ಲಿ, ಶೂಟಿಂಗ್ ರೇಂಜಿನಲ್ಲಿ, ರಿಪೇರಿಗೆ ಕೊಟ್ಟ ಅಂಗಡಿಯಲ್ಲಿ ಮಾತ್ರ ಇಟ್ಟುಕೊಳ್ಳಬಹುದು. ದಾರಿಯಲ್ಲಿ ಒಯ್ಯುವಾಗ ತೋಟಾ ತೆಗೆದು ಬೀಗ ಹಾಕಿದ ಪೆಟ್ಟಿಗೆಯಲ್ಲಿ ಇಡಬೇಕು. ಬೇರೆ ರಾಜ್ಯದಿಂದ ಇಲ್ಲಿಗೆ ಕೆಲಸ ಬದಲಿಸುವ ನಮ್ಮವರು ಇದನ್ನು ಮನಸ್ಸಿಟ್ಟು ಓದಿ. ಟೆಕ್ಸಾಸ್‌ನಲ್ಲಿ ಅಂಗಡಿಯಿಂದ ನೇರವಾಗಿ ಕೊಂಡ ಮ್ಯಾಗಜೀನ್, ಸಾಮಾನು ಲಾರಿಯಲ್ಲಿ ಬಾಸ್ಟನ್ನಿಗೆ ಬಂದ ಕ್ಷಣ ಅಪರಾಧವಾಗುತ್ತದೆ. ಹೀಗೆ ಟೆಕ್ಸಾಸ್‌ನಿಂದ ಓದಲು ಬಂದವರೊಬ್ಬರ ಪ್ರಕರಣ ರಾಜ್ಯದ ಅತ್ಯುನ್ನತ ನ್ಯಾಯಾಲಯದವರೆಗೂ ಹೋಯಿತು. ಹತ್ತಕ್ಕಿಂತ ಜಾಸ್ತಿ ಹಿಡಿಯುತ್ತದೆ ಎಂಬುದು ಅವರಿಗೆ ತಿಳಿದಿತ್ತು ಎಂದು ಸರ್ಕಾರ ತೋರಿಸಬೇಕು ಎಂದು 2018ರಲ್ಲಿ ತೀರ್ಪಾಯಿತು. ಶಿಕ್ಷೆ ಮಾತ್ರ ಉಳಿಯಿತು.

ಸದ್ಯಕ್ಕೆ ಹಳೇ ಮ್ಯಾಗಜೀನ್ ಇಟ್ಟುಕೊಂಡಿರುವವರು ಅದನ್ನು ಮಾರಿದವರಿಂದ ಬರಹ ತೆಗೆದುಕೊಳ್ಳಿ. ಯಾವಾಗ ಕೊಂಡರು, ಎಲ್ಲಿ ಕೊಂಡರು, 1994ರ ಸೆಪ್ಟೆಂಬರ್‌ನಲ್ಲಿ ಯಾರ ಬಳಿ ಇತ್ತು ಎಂಬುದು ಅದರಲ್ಲಿರಲಿ. ತಳದ ತಗಡು ಕಳಚಿ ಒಳಗೂ ಹೊರಗೂ ಫೋಟೋ ತೆಗೆದಿಡಿ. 2024ರ ಕಾನೂನು ಬಂದ ಮೇಲೆ ಹಳೇ ಮ್ಯಾಗಜೀನನ್ನು ವಾರಸುದಾರರಿಗೆ, ರಾಜ್ಯದ ಹೊರಗಿನವರಿಗೆ, ಲೈಸೆನ್ಸ್ ಇರುವ ಅಂಗಡಿಗೆ ಮಾತ್ರ ಕೊಡಬಹುದು, ಹಾಗಾಗಿ ಇಲ್ಲಿ ಒಬ್ಬರಿಂದ ಒಬ್ಬರು ಕೊಳ್ಳಬೇಡಿ, ಬೆಲೆ ಎಷ್ಟೇ ಕಡಿಮೆ ಇರಲಿ. ಅನುಮಾನ ಬಿದ್ದರೆ ವಕೀಲರನ್ನು ಕೇಳಿ, ಅಂಗಡಿಯವರ ಬಾಯಿಮಾತು ಸಾಲದು.

ಇಲ್ಲಿಯ ನಮ್ಮ ಊರಿನ ಶಾಸಕರ ಕಚೇರಿಗೆ ನಾನು ಬರೆದಿರುವ ಪತ್ರದಲ್ಲಿ ಎರಡೇ ಬೇಡಿಕೆ ಇವೆ. ಕನೆಕ್ಟಿಕಟ್‌ನಂತೆ ಒಂದು ಸಲ ಘೋಷಣೆಗೆ ಅವಕಾಶ ಕೊಡಿ, ಗಡುವು ಒಂದು ಪೂರ್ತಿ ವರ್ಷ ಇರಲಿ. 1994ರ ಕಾನೂನಿನಲ್ಲಿದ್ದ ಆ ಸಾಲನ್ನು, ಹೊಸದು ಎಂದು ಸಾಬೀತು ಮಾಡುವ ಹೊಣೆ ಸರ್ಕಾರದ್ದು ಎಂಬುದನ್ನು, ರಾಜ್ಯದ ಕಾನೂನಿಗೆ ಸೇರಿಸಿ. ಇಲ್ಲಿ ಓಟು ಇರುವ ಕನ್ನಡಿಗರು ತಮ್ಮ ತಮ್ಮ ಶಾಸಕರಿಗೂ ಇದನ್ನೇ ಬರೆಯಲಿ ಎಂದು ಕೇಳಿಕೊಳ್ಳುತ್ತೇನೆ.