ಸ್ವಲ್ಪ ಟಾಯ್ಲೆಟ್‌ಗೆ ಹೋಗಿ ಬರ್ತೀನಿ

ಮೊನ್ನೆ ಆಫೀಸಿನ ಲಿಫ್ಟಿನಲ್ಲಿ ಮತ್ತೊಬ್ಬರು ಕೇಳಿಯೇಬಿಟ್ಟರು. "ನೀವು ಜೆಫ್ ಅಭಿಮಾನಿಯಂತಲ್ಲ! ಡಿಸೆಂಬರ್ 7ರ ಮ್ಯಾಚಿಗೆ ಹೋಗಿದ್ರಾ?"

ಹೋಗಿದ್ದೆ ಅಂದೆ. ಸುಳ್ಳೇನಲ್ಲ. ಟಿಕೆಟ್ ಇನ್ನೂ ಫೋನಿನಲ್ಲೇ ಇದೆ.

"ಅಬ್ಬಾ, ಆ ನಾಲ್ಕು ಗೋಲು ಕಣ್ಣಾರೆ ನೋಡಿದ್ರಲ್ಲ, ಪುಣ್ಯವಂತರು ನೀವು!"

ಏಳನೇ ಮಹಡಿ ಬರುವವರೆಗೆ ಹಲ್ಲು ಕಿರಿದುಕೊಂಡು ನಿಂತಿದ್ದೆ. ನಾಲ್ಕು ತಿಂಗಳಾಗುತ್ತಾ ಬಂತು. ಈ ಪ್ರಶ್ನೆಗೆ ಹೇಳಬಹುದಾದ ಒಂದು ಮರ್ಯಾದಸ್ಥ ಉತ್ತರ ನನಗಿನ್ನೂ ಹೊಳೆದಿಲ್ಲ.

ಜೆಫ್ ಅಂದರೆ ಜೆಫ್ ಯುನೈಟೆಡ್ ಚಿಬಾ, ಟೋಕಿಯೊ ಪಕ್ಕದ ಚಿಬಾ ಪ್ರಾಂತ್ಯದ ಫುಟ್‌ಬಾಲ್ ಕ್ಲಬ್. ಜೆಆರ್ ಈಸ್ಟ್ ರೈಲ್ವೆಯವರದ್ದೊಂದು ತುಂಡು, ಫುರುಕಾವಾ ಎಲೆಕ್ಟ್ರಿಕ್‌ನವರದ್ದೊಂದು ತುಂಡು ಸೇರಿಸಿ ಇಟ್ಟ ಹೆಸರು. ನಮ್ಮಲ್ಲಿ ಅಪ್ಪನ ಹೆಸರಿನ ಅರ್ಧ, ಅಮ್ಮನ ಹೆಸರಿನ ಅರ್ಧ ಅಂಟಿಸಿ ಮಗುವಿಗೆ ಹೆಸರಿಡುತ್ತಾರಲ್ಲ, ಹಾಗೆ. ಮನೆತನ ದೊಡ್ಡದು. ಫುರುಕಾವಾ ತಂಡ ಹುಟ್ಟಿದ್ದು 1946ರಲ್ಲಿ. 1986ರ ಏಷ್ಯಾ ಕ್ಲಬ್ ಚಾಂಪಿಯನ್‌ಷಿಪ್ ಗೆದ್ದ ಮೊದಲ ಜಪಾನಿ ಕ್ಲಬ್ಬೂ ಅದೇ. 1993ರಲ್ಲಿ ಜೆ ಲೀಗ್ ಶುರುವಾದಾಗ ಇದ್ದ ಹತ್ತು ಕ್ಲಬ್‌ಗಳಲ್ಲಿ ಜೆಫ್ ಕೂಡ ಒಂದು. ಆದರೆ 2009ರಲ್ಲಿ ಜಾರಿ ಎರಡನೇ ದರ್ಜೆಗೆ ಬಿದ್ದವರು ಮೇಲೇಳಲೇ ಇಲ್ಲ. ಒಂದಲ್ಲ ಎರಡಲ್ಲ, ಹದಿನಾರು ಸೀಸನ್.

"ಒಂದೇ ಕ್ಲಾಸಲ್ಲಿ ಹದಿನಾರು ವರ್ಷ ಕೂತ್ರೆ ಸ್ಕೂಲಿನವರೇ ಟಿಸಿ ಕೊಟ್ಟು ಕಳಿಸ್ತಾರೆ ಕಣ್ರೀ" ಎಂಬುದು ನನ್ನ ಹೆಂಡತಿಯ ಅಭಿಪ್ರಾಯ. ಊರಿಂದ ಫೋನ್ ಮಾಡುವ ಅಮ್ಮನದು ಇನ್ನೂ ಕಟು. "ಇಲ್ಲಿ ಆರ್‌ಸಿಬಿ ನೋಡಿ ನೋಡಿ ಸಾಕಾಗಿತ್ತು. ಅಷ್ಟು ದೂರ ಹೋಗಿ ಅಲ್ಲೂ ಅದನ್ನೇ ಹುಡುಕ್ಕೊಂಡ್ಯಾ?"

ಹುಡುಕಿಕೊಂಡು ಹೋಗಲಿಲ್ಲ, ಬಣ್ಣ ನೋಡಿ ಮೋಸ ಹೋದೆ. ನಾವಿರುವುದು ನಿಶಿ ಕಸಾಯ್‌ನಲ್ಲಿ. ಟೋಕಿಯೊದಲ್ಲಿ ಸಾರಿನ ಪುಡಿ ಮುಗಿದರೆ ಪಕ್ಕದ ಮನೆಯಲ್ಲಿ ಸಾಲ ಸಿಗುವ ಜಾಗ ಅದು. ಹೊಸದಾಗಿ ಬಂದಿದ್ದ ವರ್ಷ, ನವೆಂಬರ್ ತಿಂಗಳ ಒಂದು ಭಾನುವಾರ ಕೇಯೋ ಲೈನಿನ ರೈಲು ಹತ್ತಿದರೆ ಬೋಗಿಯ ತುಂಬ ಹಳದಿ ಅಂಗಿ, ಕೊರಳಲ್ಲಿ ಹಳದಿ ಕೆಂಪು ಟವೆಲ್ಲು. ರಾಜ್ಯೋತ್ಸವದ ಕಾಲ ಬೇರೆ. ಕಣ್ಣು ತುಂಬಿ ಬಂತು ನನಗೆ. ನಮ್ಮ ಸಂಘದವರು ಇಷ್ಟೊಂದು ಜನ ಯಾವಾಗ ಆದರು ಅಂದುಕೊಂಡು ಹತ್ತಿರ ಹೋಗಿ ನೋಡಿದರೆ ಎಲ್ಲರೂ ಜಪಾನಿಗಳು, ಟವೆಲಿನಲ್ಲಿ ಹಸಿರೂ ಇತ್ತು. ಪಕ್ಕದಲ್ಲಿದ್ದ ಅಜ್ಜನೊಬ್ಬ ನನ್ನ ಮುಖ ನೋಡಿ, ಇವನಿಗೂ ಆಸಕ್ತಿಯಿದೆ ಅಂದುಕೊಂಡು, ಸೋಗಾ ಸ್ಟೇಷನ್ನಿನಲ್ಲಿ ಇಳಿಸಿಕೊಂಡು ಹೋದ. ಅಂದು ಕೂತವನು ಇಂದಿಗೂ ಆ ಅಜ್ಜನ ಪಕ್ಕದಲ್ಲೇ ಕೂರುತ್ತಿದ್ದೇನೆ. ಆರಕ್ಷರದ ನನ್ನ ಹೆಸರು ಅವರ ಬಾಯಲ್ಲಿ ತಿರುಗದು. ನಾನು ಅವರಿಗೆ "ಇಂದೋ-ಸಾನ್", ಅಂದರೆ ಶ್ರೀಮಾನ್ ಭಾರತ. ನಾನವರನ್ನು ಸೆನ್ಪಾಯ್, ಅಂದರೆ ಹಿರಿಯರು, ಅನ್ನುತ್ತೇನೆ, ಮನಸ್ಸಿನಲ್ಲಿ ಮಾತ್ರ ಅಜ್ಜ.

ಈ ಅಜ್ಜನಿಗೊಂದು ಚಟ. ನಮ್ಮ ತಂಡ ಎಷ್ಟೇ ಗೋಲು ಹಿಂದಿರಲಿ, ಮುಖದಲ್ಲಿ ಒಂದು ಗೆರೆಯೂ ಅಲ್ಲಾಡದೆ "2008" ಅನ್ನುತ್ತಾರೆ. ಅಷ್ಟೇ. ನಮ್ಮಲ್ಲಿ ಕ್ರಿಕೆಟ್ ಮಾತು ಬಂದ ಕೂಡಲೇ ಹಿರಿಯರು "1983" ಅನ್ನುವ ಹಾಗೆ. 2008ರ ಕೊನೆಯ ದಿನದ ಪಂದ್ಯದಲ್ಲಿ ಎಫ್‌ಸಿ ಟೋಕಿಯೊ ಎದುರು ಜೆಫ್ 0-2ರಿಂದ ಹಿಂದಿತ್ತು. ಸೋತರೆ ಹಿಂಬಡ್ತಿ. ಆಗ ಹನ್ನೊಂದು ನಿಮಿಷದಲ್ಲಿ ನಾಲ್ಕು ಗೋಲು ಹೊಡೆದು 4-2ರಿಂದ ಗೆದ್ದು ಬಚಾವಾದರು. ಅಜ್ಜ ಇದನ್ನು ನನಗೆ ಕನಿಷ್ಠ ಐವತ್ತು ಸಲ ಹೇಳಿದ್ದಾರೆ. ಪ್ರತಿ ಗೋಲಿಗೂ ಬೆಂಟೊ ಎಂಬ ಊಟದ ಡಬ್ಬಿಯ ಮೇಲೆ ಕಡ್ಡಿಗಳನ್ನಿಟ್ಟು ಯಾರು ಎಲ್ಲಿಂದ ಓಡಿ ಬಂದರು ಅಂತ ತೋರಿಸುತ್ತಾರೆ. ಮೂರನೇ ಗೋಲು ಉಪ್ಪಿನಕಾಯಿ ಪ್ಲಮ್ಮಿನ ಪಕ್ಕದಿಂದ ಬರುತ್ತದೆ. ಮರುವರ್ಷವೇ ಕೆಳಗೆ ಬಿದ್ದೆವಲ್ಲ ಅಂತ ಒಮ್ಮೆ ನೆನಪಿಸಿದೆ. ಅಜ್ಜ ಡಬ್ಬಿ ಮುಚ್ಚಿಟ್ಟು ಎರಡು ವಾರ ನನ್ನೊಡನೆ ಹವಾಮಾನ ಮಾತ್ರ ಮಾತಾಡಿದರು.

ಅವರ ತಪ್ಪೂ ಅಲ್ಲ ಬಿಡಿ. ಆಮೇಲೆ ಹೇಳಿಕೊಳ್ಳಲು ಇದ್ದದ್ದಾದರೂ ಏನು? ಬಡ್ತಿ ಪ್ಲೇಆಫ್‌ನಲ್ಲಿ ಪಂದ್ಯ ಡ್ರಾ ಆದರೆ ಲೀಗಿನಲ್ಲಿ ಮೇಲಿದ್ದ ತಂಡಕ್ಕೇ ಲಾಭ ಎಂಬ ನಿಯಮ. 2012ರ ಫೈನಲ್‌ನಲ್ಲಿ ನಮಗೆ ಡ್ರಾ ಸಾಕಿತ್ತು, ಕೊನೇ ಗಳಿಗೆಯಲ್ಲಿ ಓಯಿತಾ ಒಂದು ಗೋಲು ಹೊಡೆದು ಹೋಯಿತು. 2014ರ ಫೈನಲ್‌ನಲ್ಲೂ ಡ್ರಾ ಸಾಕಿತ್ತು, ಯಮಗಾತಾ ಎದುರು ಮತ್ತೆ 0-1. ನಡುವೆ 2013ರಲ್ಲಿ ಸರಿಯಾಗಿ ಡ್ರಾ ಮಾಡಿಕೊಂಡೆವು. ಆ ವರ್ಷ ಡ್ರಾ ಸಾಕಿದ್ದದ್ದು ಎದುರಾಳಿಗೆ. ಹೀಗಾಗಿ ಪ್ರತಿ ಫೆಬ್ರವರಿಯಲ್ಲೂ ಅಭಿಮಾನಿಗಳ ಬಾಯಲ್ಲಿ "ಕೊತೋಶಿ ಕೊಸೊ". ನಿಘಂಟು ನೋಡಬೇಡಿ, ನಾನೇ ಹೇಳುತ್ತೇನೆ: ಈ ಸಲ ನಮ್ದೇ.

ಈಗ ಡಿಸೆಂಬರ್ 7ಕ್ಕೆ ಬರೋಣ. 2025ರ ಪ್ಲೇಆಫ್ ಸೆಮಿಫೈನಲ್, ನಮ್ಮದೇ ಫುಕುಆರಿ ಮೈದಾನ, ಎದುರಿಗೆ ಓಮಿಯಾ. ಅಂದೇ ಸಂಜೆ ನಾಲ್ಕಕ್ಕೆ ನಮ್ಮ ಕಟ್ಟಡದ ಮೂರನೇ ಮಹಡಿಯವರ ಮನೆಯಲ್ಲಿ ಸತ್ಯನಾರಾಯಣ ಪೂಜೆ. "ಮ್ಯಾಚು ಗೀಚು ಅಂತ ಕೂರಬೇಡಿ, ಮಂಗಳಾರತಿ ಹೊತ್ತಿಗಾದ್ರೂ ಬನ್ನಿ" ಎಂದು ಹೆಂಡತಿ ಬಾಗಿಲಲ್ಲಿ ನಿಂತು ಎಚ್ಚರಿಸಿದ್ದಳು.

ದ್ವಿತೀಯಾರ್ಧ ಶುರುವಾಗಿ ಬೆವರು ಬರುವ ಮೊದಲೇ ಸ್ಕೋರು 0-3. ನನ್ನೊಳಗೆ ಏನೋ ಕಟಕ್ ಅಂತು. ಇಷ್ಟು ವರ್ಷದ ಸಿಟ್ಟೆಲ್ಲ ಒಟ್ಟಿಗೆ ನೆತ್ತಿಗೇರಿತು. ಸಾಕು ಮಾರಾಯ, ಎದ್ದು ಹೋಗಿ ಬಿಸಿ ಬಿಸಿ ಸಪಾದ ಭಕ್ಷ್ಯವನ್ನಾದರೂ ತಿನ್ನೋಣ ಅನ್ನಿಸಿತು. ಆದರೆ ಹದಿನಾರು ಸೀಸನ್ ಅಲ್ಲಾಡದೆ ಕೂತಿರುವ ಅಜ್ಜನಿಗೆ "ಮನೆಗೆ ಹೊರಟೆ" ಅನ್ನುವುದು ಹೇಗೆ? ಜಾಕೆಟ್ ಹಾಕಿಕೊಂಡೆ, ಬ್ಯಾಗ್ ಹೆಗಲಿಗೇರಿಸಿದೆ, ಟೋಪಿಯನ್ನೂ ಇಟ್ಟುಕೊಂಡೆ. ಆಮೇಲೆ ಹೇಳಿದೆ, "ಸ್ವಲ್ಪ ಟಾಯ್ಲೆಟ್‌ಗೆ ಹೋಗಿ ಬರ್ತೀನಿ."

ಅಜ್ಜ ನನ್ನ ಟೋಪಿ ನೋಡಿದರು. ಬ್ಯಾಗ್ ನೋಡಿದರು. "2008" ಅಂದರು.

ನಾನು ಕೇಳಿಸದವನ ಹಾಗೆ ಮೆಟ್ಟಿಲಿಳಿದೆ.

ರೈಲು ಸೋಗಾ ಬಿಡುವಾಗ ಫೋನ್ ಕಂಪಿಸಿತು, 1-3. ಸಮಾಧಾನಕರ ಬಹುಮಾನ ಅಂದುಕೊಂಡೆ. ಚಿಬಾ ಮಿನಾತೊ ಬಂತು, ಹೋಯಿತು. ಆಮೇಲೆ 2-3. ಕೈಯಲ್ಲಿದ್ದ ಫೋನ್ ಬೆವರಿತು. ಇನಾಗೆ ಕೈಗಾನ್ ದಾಟಿದ ಮೇಲೆ 3-3. "ಅಯ್ಯಯ್ಯೋ!" ಅಂದೆ, ಅಚ್ಚ ಕನ್ನಡದಲ್ಲಿ, ನಮ್ಮೂರ ಸಂತೆಯಲ್ಲಿ ಕೂಗುವ ಗಂಟಲಲ್ಲಿ. ಜಪಾನಿನ ರೈಲಿನಲ್ಲಿ ಫೋನಿಗೆ ಹಲೋ ಅಂದರೇ ಜನ ಮುಜುಗರಪಡುತ್ತಾರೆ. ಅದೇ ಲೈನಿನಲ್ಲಿ ಮುಂದೆ ಡಿಸ್ನಿಲ್ಯಾಂಡ್ ಇದೆ. ಎದುರಿಗೆ ಮಿಕ್ಕಿ ಕಿವಿ ಹಾಕಿಕೊಂಡು ಕೂತಿದ್ದ ಪುಟ್ಟ ಹುಡುಗಿ ಕಿವಿ ತೆಗೆದು ಅಮ್ಮನ ಕೈಗೆ ಕೊಟ್ಟಿತು. ಕೈಹಿನ್ ಮಕುಹಾರಿಯಲ್ಲಿ ಹಾರಿ ಇಳಿದು, ಮೆಟ್ಟಿಲು ಹತ್ತಿ ಇಳಿದು, ಹಿಂದಕ್ಕೆ ಹೋಗುವ ರೈಲಿಗೆ ಕಾಯುತ್ತ ಪ್ಲಾಟ್‌ಫಾರಂ ಮೇಲೆ ನಿಂತಿದ್ದಾಗ ಬಂತು: 4-3.

ಸುತ್ತ ಯಾರೂ ಹಳದಿ ಅಂಗಿಯವರಿಲ್ಲ. ತಬ್ಬಿಕೊಳ್ಳಲು ಇದ್ದದ್ದು ಒಂದು ತಂಪು ಪಾನೀಯದ ಮೆಷೀನು.

ಸತ್ಯನಾರಾಯಣ ಕಥೆಯಲ್ಲಿ ಕಲಾವತಿ ಬರುತ್ತಾಳಲ್ಲ, ಗಂಡ ಬಂದನೆಂಬ ಆತುರಕ್ಕೆ ಪ್ರಸಾದ ಬಿಟ್ಟು ಓಡಿದವಳು, ದಡಕ್ಕೆ ಬಂದರೆ ಹಡಗು ಮುಳುಗಿರುತ್ತದೆ. ಚಿಕ್ಕಂದಿನಲ್ಲಿ ನಿದ್ದೆ ತೂಗುತ್ತ ಕೇಳಿದ್ದ ಕಥೆ ಆ ಪ್ಲಾಟ್‌ಫಾರಂ ಮೇಲೆ ಪೂರ್ತಿ ಅರ್ಥವಾಯಿತು. ಅವಳಿಗಾದರೂ ವಾಪಸು ಹೋಗಿ ಪ್ರಸಾದ ತಿಂದ ಮೇಲೆ ಹಡಗು ಸಿಕ್ಕಿತು. ನಾನು ಸೋಗಾಕ್ಕೆ ಮರಳುವಷ್ಟರಲ್ಲಿ ಇಡೀ ಊರು ಹಳದಿ ಹೊಳೆಯಾಗಿ ಸ್ಟೇಷನ್ನಿನ ಕಡೆಗೆ ಹರಿದು ಬರುತ್ತಿತ್ತು, ಪ್ರವಾಹಕ್ಕೆದುರಾಗಿ ನಾನೊಬ್ಬ. ಅಳುತ್ತಿದ್ದವರು ಯಾರ್‍ಯಾರೋ ತಬ್ಬಿಕೊಂಡರು. ನಾನೂ ತಬ್ಬಿಕೊಂಡೆ. ಕರೆಯದ ಮದುವೆಯಲ್ಲಿ ಉಂಡು ಬಂದಂತಾಯಿತು.

ಅಷ್ಟರಲ್ಲಿ ಅಜ್ಜ ಸಿಕ್ಕರು. ಕಣ್ಣು ಕೆಂಪಗಾಗಿತ್ತು. ನನ್ನ ಎರಡೂ ಕೈ ಹಿಡಿದುಕೊಂಡು, ಪೂರ್ಣ ಸಹಾನುಭೂತಿಯಿಂದ ಕೇಳಿದರು: "ಇಂದೋ-ಸಾನ್, ಟಾಯ್ಲೆಟ್‌ನಲ್ಲಿ ತುಂಬ ಕ್ಯೂ ಇತ್ತಾ?"

"ಹೌದು" ಅಂದೆ. "ತುಂಬಾ."

ಮನೆಗೆ ಬರುವಷ್ಟರಲ್ಲಿ ಪೂಜೆ ಮುಗಿದು ಪಾತ್ರೆ ತೊಳೆದಿಟ್ಟಿದ್ದರು. ಸಪಾದ ಭಕ್ಷ್ಯ ಒಂದು ಚಮಚವೂ ಉಳಿದಿರಲಿಲ್ಲ. ಹೆಂಡತಿ ಏನೂ ಅನ್ನಲಿಲ್ಲ, ಅದೇ ಕಷ್ಟವಾಯಿತು.

ಆ ಒಂದು "ಹೌದು" ನನ್ನನ್ನು ಇನ್ನೂ ಬಿಟ್ಟಿಲ್ಲ. ಮುಂದಿನ ಶನಿವಾರ, ಡಿಸೆಂಬರ್ 13, ಫೈನಲ್. ಎದುರಾಳಿ ತೊಕುಶಿಮಾ. ನಮಗೆ ಡ್ರಾ ಸಾಕು. ಇತಿಹಾಸ ಗೊತ್ತಿದ್ದವರಿಗೆ ಇದಕ್ಕಿಂತ ಭಯಂಕರವಾದ ವಾಕ್ಯ ಇನ್ನೊಂದಿಲ್ಲ. ದ್ವಿತೀಯಾರ್ಧ ಅರ್ಧ ಕಳೆದರೂ 0-0. ಅಜ್ಜ 2008 ಅನ್ನಲಿಲ್ಲ, ಹಿಂದೆ ಬಿದ್ದರೆ ತಾನೆ ಅನ್ನುವುದು. ಚಡಪಡಿಸಿದರು, ಟವೆಲ್ ಮಡಚಿದರು, ಬಿಚ್ಚಿದರು. ಆಮೇಲೆ ಮೆಲ್ಲಗೆ ನನ್ನ ಕಡೆ ಬಾಗಿ, ಮಹಾ ಸಂಕೋಚದಿಂದ, "ಇಂದೋ-ಸಾನ್, ಇವತ್ತು ನಿಮಗೆ... ಟಾಯ್ಲೆಟ್?" ಅಂದರು.

ತಿರುಗಿ ನೋಡಿದರೆ ನಮ್ಮ ಇಡೀ ಸಾಲು ನನ್ನನ್ನೇ ನೋಡುತ್ತಿದೆ. ಹಿಂದಿನ ವಾರ ನಾನೆದ್ದು ಹೋದ ಮೇಲೆಯೇ ಗೋಲುಗಳು ಬಂದವೆಂಬ ಲೆಕ್ಕ ಅಲ್ಲಿ ಎಲ್ಲರಿಗೂ ಬಾಯಿಪಾಠವಾಗಿತ್ತು. ಮೂಢನಂಬಿಕೆ ನಮ್ಮ ದೇಶದ್ದೇ ಸ್ವತ್ತು ಅಂದುಕೊಂಡಿದ್ದೆ.

ಎದ್ದೆ. ಹೋದೆ. ಖಾಲಿಯಿದ್ದ ಟಾಯ್ಲೆಟ್ಟಿನಲ್ಲಿ ಬೇಕಿಲ್ಲದಿದ್ದರೂ ನಿಂತುಕೊಂಡೆ. ಪಕ್ಕದಲ್ಲಿ ಇನ್ನೊಬ್ಬ, ಅವನಿಗೆ ನಿಜಕ್ಕೂ ಅವಸರವಿತ್ತು. ಆಗ ತಲೆ ಮೇಲಿನ ಕಾಂಕ್ರೀಟು ನಡುಗಿತು. ಕಾರ್ಲಿನ್ಯೊಸ್ ಜೂನಿಯರ್ ಹೊಡೆದಿದ್ದ, 1-0. ಇಬ್ಬರೂ ನಿಂತ ಜಾಗದಿಂದ ಕದಲುವಂತಿಲ್ಲ. ಮುಂದಿದ್ದ ಬಿಳಿ ಟೈಲ್ಸ್ ನೋಡಿಕೊಂಡೇ ಬಾಯಿ ಹರಿಯುವಷ್ಟು ಕೂಗಿದೆವು. ಕೂಗಿ ಮುಗಿದ ಮೇಲೆ ಪರಸ್ಪರ ತಲೆ ಬಾಗಿಸಿ ನಮಸ್ಕರಿಸಿದೆವು.

ಆ ಕೂಗಿನಲ್ಲಿ ಹಳೇ ಬಾಕಿಯೂ ಇತ್ತು. ಅದೇ ವರ್ಷ ಜೂನ್ 3ರಂದು ಆರ್‌ಸಿಬಿ ಹದಿನೆಂಟನೇ ಸೀಸನ್ನಿನಲ್ಲಿ ಕೊನೆಗೂ ಕಪ್ ಗೆದ್ದಾಗ ಇಲ್ಲಿ ಬೆಳಗಿನ ಜಾವ ಮೂರರ ಹೊತ್ತು. ತೆಳು ಗೋಡೆಯ ಮನೆ, ಮಲಗಿದ್ದ ಮಕ್ಕಳು. ಇಯರ್‌ಫೋನ್ ಹಾಕಿಕೊಂಡು ದಿಂಬು ಕಚ್ಚಿ ಕುಣಿದೆ. ನಾಳೆ ನೆಮ್ಮದಿಯಾಗಿ ಕೂಗೋಣ ಅಂದುಕೊಂಡೆ. ಮರುದಿನ ಸಂಜೆ ಚಿನ್ನಸ್ವಾಮಿ ಸ್ಟೇಡಿಯಂ ಹೊರಗೆ ಕಾಲ್ತುಳಿತ, ಹನ್ನೊಂದು ಜನ. ಸಂಭ್ರಮಕ್ಕೆ ಹೋದವರು ಮನೆಗೆ ಬರಲಿಲ್ಲ. ಆಮೇಲೆ ಕೂಗುವುದೆಲ್ಲಿ ಬಂತು. ಅದು ಗಂಟಲಲ್ಲೇ ಉಳಿದಿತ್ತು, ಆರು ತಿಂಗಳು.

ನಾನು ಸೀಟಿಗೆ ವಾಪಸಾದಾಗ ಅಜ್ಜ, ಈಗ ಕದಲಬೇಡಿ ಎಂಬಂತೆ ನನ್ನ ತೋಳು ಹಿಡಿದು ಕೂರಿಸಿದರು, ಕೊನೆಯ ಸೀಟಿಯವರೆಗೂ ಬಿಡಲಿಲ್ಲ. ಬಡ್ತಿ ಸಿಕ್ಕಿತು. ಎರಡು ಪಂದ್ಯ, ಐದು ಗೋಲು, ನಾನು ನೋಡಿದ್ದು ಒಂದೂ ಇಲ್ಲ.

ಇಷ್ಟೆಲ್ಲ ಆಗಿ ಮೊದಲ ದರ್ಜೆಗೆ, ಅಂದರೆ ಜೆ1ಗೆ ಬಂದರೆ, 2026ರ ಆಗಸ್ಟಿನಿಂದ ಸೀಸನ್ನಿನ ಕ್ಯಾಲೆಂಡರ್ ಬದಲಾಗುವುದರಿಂದ ಜೂನ್‌ವರೆಗೆ ನಡೆಯುತ್ತಿರುವುದು ಬಡ್ತಿಯೂ ಇಲ್ಲದ, ಹಿಂಬಡ್ತಿಯೂ ಇಲ್ಲದ ಒಂದು ನಡುಗಾಲದ ಲೀಗು. ಹದಿನಾರು ವರ್ಷ ಓದಿ ಪಾಸಾದವನಿಗೆ ಪರೀಕ್ಷೆಯೇ ಇಲ್ಲದ ಕ್ಲಾಸು. ಡ್ರಾ ಆದರೆ ಪೆನಾಲ್ಟಿ ಶೂಟೌಟ್ ಬೇರೆ. ಟಿಕೆಟ್ ಮಾತ್ರ ಸಿಗುವುದಿಲ್ಲ. ಹಿಂದೆ ಕಾಲು ಚಾಚಿ ಕೂರುತ್ತಿದ್ದ ನಮ್ಮ ಸಾಲಿನಲ್ಲೀಗ ಹೊಸ ಅಂಗಿಯ, ಮಡಿಕೆ ಗೆರೆ ಮಾಸದ ಹೊಸ ಅಭಿಮಾನಿಗಳು. ಅವರಿಗೆ ಅಜ್ಜ ಬೆಂಟೊ ಡಬ್ಬಿಯ ಮೇಲೆ ಕಡ್ಡಿಯಿಟ್ಟು 2025 ತೋರಿಸುತ್ತಾರೆ. ಕೊನೆಯಲ್ಲಿ ಡಬ್ಬಿಯಿಂದ ತುಂಬ ದೂರ, ಮೆಟ್ಟಿಲಿನ ಹತ್ತಿರ, ಒಂದು ಉಪ್ಪಿನಕಾಯಿ ಪ್ಲಮ್ ಇಡುತ್ತಾರೆ. ಅದು ನಾನು.

ರೈಲಿನ ಸತ್ಯ ಅಜ್ಜನಿಗೆ ಹೇಳಿಬಿಡಬೇಕು ಅಂತ ಪ್ರತಿ ಸಲವೂ ಅಂದುಕೊಂಡೇ ಮನೆಯಿಂದ ಹೊರಡುತ್ತೇನೆ. ಮೊನ್ನೆಯೂ ಅಂದುಕೊಂಡಿದ್ದೆ. ನಾವು ಒಂದು ಗೋಲು ಹಿಂದೆ ಬಿದ್ದೆವು. ಸಾಲಿನಲ್ಲಿ ಯಾರೂ ಮಾತಾಡಲಿಲ್ಲ. ಅಜ್ಜ ಬ್ಯಾಗಿನಿಂದ ದೊಡ್ಡ ಫ್ಲಾಸ್ಕ್ ತೆಗೆದು, ಗ್ರೀನ್ ಟೀ ಬಗ್ಗಿಸಿ, ಎರಡೂ ಕೈಯಲ್ಲಿ ಲೋಟ ಹಿಡಿದು ನನಗೆ ಕೊಟ್ಟರು.

ಕುಡಿದು ಮುಗಿಸಿದೆ. ಇನ್ನೊಂದು ಲೋಟ ಬಗ್ಗಿಸಿದರು.