ಪ್ರಥಮ ವರ್ಷದ ಟೂರ್ನಿ

ನಮ್ಮ ಬಳ್ಳಾರಿಯ ಕ್ರಿಕೆಟ್ ಟೂರ್ನಿಗಳ ಫ್ಲೆಕ್ಸ್ ನೋಡಿದ್ದೀರಾ? ಮೇಲೆ ಸಾಲಾಗಿ ನಾಯಕರು, ನಡುವೆ ಕೈ ಮುಗಿದು ನಿಂತ ದಾನಿ, ಅವರ ಸುತ್ತ ಮೊಬೈಲ್ ಕಿವಿಗಿಟ್ಟ ಹುಡುಗರು. ಆಡುವವರ ಫೋಟೋ ಮಾತ್ರ ಎಲ್ಲೂ ಇರಲ್ಲ. ಮೂಲೆಯಲ್ಲಿ 'ಪ್ರಥಮ ವರ್ಷದ' ಅಂತ ಇರುತ್ತೆ. ಎರಡನೇ ವರ್ಷದ ಫ್ಲೆಕ್ಸ್ ಸಿಗೋದು ಅಪರೂಪ. ಇಲ್ಲಿನ ಕಬ್ಬಿಣದ ಅದಿರಿಗೆ ಚೀನಾದಲ್ಲಿ ಬೆಲೆ ಇದ್ದಾಗ ಗೆದ್ದವರಿಗೆ ಕೊಡುವ ಕಪ್‌ಗಳು ಆಳೆತ್ತರ ಇದ್ದವು, 2011ರಲ್ಲಿ ಸುಪ್ರೀಂ ಕೋರ್ಟ್ ಇಲ್ಲಿನ ಗಣಿಗಾರಿಕೆ ನಿಲ್ಲಿಸಿದ ಮೇಲೆ ಮೊಣಕಾಲಿಗೆ ಬಂದವು.

ಇದು ಬಡವರ ಆಟದ ಕಥೆ ಮಾತ್ರ ಅಂದುಕೊಳ್ಳಬೇಡಿ. ಇಂಡಿಯನ್ ಮಾಸ್ಟರ್ಸ್ ಅಂತ ಒಂದು ಗಾಲ್ಫ್ ಟೂರ್ನಿ ಇತ್ತು. 2008ರ ಫೆಬ್ರುವರಿಯಲ್ಲಿ ದೆಹಲಿ ಗಾಲ್ಫ್ ಕ್ಲಬ್ಬಿನಲ್ಲಿ ನಡೆಯಿತು. ಯುರೋಪಿಯನ್ ಟೂರ್ ಅನ್ನೋ ವೃತ್ತಿಪರ ಗಾಲ್ಫ್ ಸರಣಿ ಭಾರತಕ್ಕೆ ಮೊದಲ ಸಲ ಬಂದದ್ದೇ ಅದರಿಂದ. ಬಹುಮಾನ ಒಟ್ಟು 25 ಲಕ್ಷ ಡಾಲರ್! ದಾನಿ ಎಮಾರ್ ಎಂಜಿಎಫ್, ರಿಯಲ್ ಎಸ್ಟೇಟ್ ಕಂಪನಿ. ತಮಾಷೆ ಅಂದ್ರೆ, ಅತ್ತ ಆಟ ನಡೀತಿದ್ದ ವಾರದಲ್ಲೇ ಇತ್ತ ಆ ಕಂಪನಿ ಕೊಳ್ಳುವವರಿಲ್ಲದೆ ತನ್ನ ಐಪಿಒ, ಅಂದ್ರೆ ಜನರಿಗೆ ಮೊದಲ ಸಲ ಷೇರು ಮಾರುವ ಯೋಜನೆ, ವಾಪಸ್ ತಗೊಂಡಿತು. ಅಲ್ಲೇ ಗೊತ್ತಾಗಬೇಕಿತ್ತು ಅಲ್ವಾ?

ಮೈದಾನವೂ ವಿಚಿತ್ರ. ಊರ ನಡುವೆಯೇ ಕಾಡು, ಒಳಗೆ ಮೊಘಲರ ಕಾಲದ ಗೋರಿಗಳು. ಆಡುವ ದಾರಿ ಎಷ್ಟು ಕಿರಿದು ಅಂದ್ರೆ, ಚೂರು ಅಡ್ಡ ಹೊಡೆದರೂ ಚೆಂಡು ಮುಳ್ಳುಪೊದೆ ಪಾಲು. ದೂರ ಹೊಡೆಯುವ ಗಟ್ಟಿಗರಿಗೆ ಅಲ್ಲಿ ತೋಳ್ಬಲ ತೋರಿಸೋಕೆ ಜಾಗವೇ ಇಲ್ಲ. ಗೆದ್ದದ್ದು ಯಾರು ಅಂತೀರಿ? ಕೋಲ್ಕತ್ತದ ಎಸ್.ಎಸ್.ಪಿ. ಚೌರಾಸಿಯಾ. ಅಪ್ಪ ರಾಯಲ್ ಕಲ್ಕತ್ತಾ ಗಾಲ್ಫ್ ಕ್ಲಬ್ಬಿನಲ್ಲಿ ಹುಲ್ಲು ನೋಡಿಕೊಳ್ಳುವ ಕೆಲಸಗಾರ, ಮಗ ಅಲ್ಲೇ ನೋಡಿ ನೋಡಿ ಆಟ ಕಲಿತವನು. ದೂರ ಹೊಡೆಯೋದು ಕಮ್ಮಿ, ಗುಳಿಯ ಹತ್ತಿರ ಬಂದರೆ ಮಾತ್ರ ಪಕ್ಕಾ. ಗುಳಿಯ ಹತ್ತಿರಕ್ಕೆ ಚೆಂಡನ್ನು ಮೆಲ್ಲಗೆ ಎತ್ತಿ ಹೊಡೆಯೋದು 'ಚಿಪ್', ಗುಳಿಗೆ ಉರುಳಿಸೋದು 'ಪಟ್'; ಹಾಗಾಗಿ ಜೊತೆಗಾರರು ಇಟ್ಟ ಹೆಸರು 'ಚಿಪ್‌ಪುಟ್‌ಸಿಯಾ'. ಐರ್ಲೆಂಡಿನ ಡೇಮಿಯನ್ ಮೆಕ್‌ಗ್ರೇನ್‌ಗಿಂತ ಎರಡು ಹೊಡೆತ ಕಮ್ಮಿಯಲ್ಲೇ ಆಟ ಮುಗಿಸಿ ಕಪ್ ಎತ್ತಿದರು.

ಆಮೇಲೆ ಜಗತ್ತಿನ ಬ್ಯಾಂಕುಗಳೇ ಕುಸಿದವು, 2009ರ ಟೂರ್ನಿ ರದ್ದಾಯಿತು. ಪ್ರಥಮ ವರ್ಷವೇ ಕೊನೆಯ ವರ್ಷ. ಕೋಟಿಗಟ್ಟಲೆ ಸುರಿದವರಿಗೂ ನಮ್ಮ ಗಲ್ಲಿ ಕಮಿಟಿಗೂ ಇಷ್ಟೇ ವ್ಯತ್ಯಾಸ: ನಮ್ಮವರು ಶಾಮಿಯಾನದ ಬಾಡಿಗೆ ಬಾಕಿ ಉಳಿಸಿಕೊಂಡಿರುತ್ತಾರೆ.

ಚೌರಾಸಿಯಾ 2011ರಲ್ಲಿ ಅವಂತಾ ಮಾಸ್ಟರ್ಸ್ ಗೆದ್ದರು. 2010ರಲ್ಲಿ ಶುರುವಾಗಿದ್ದ ಅದೂ 2013ಕ್ಕೆ ಮುಗೀತು. ಇವರ ಕಾಲ್ಗುಣವೇ ಹಾಗೇನೋ ಅನ್ನೋಣ ಅಂದ್ರೆ, 2016 ಮತ್ತು 2017ರಲ್ಲಿ ಇಂಡಿಯನ್ ಓಪನ್ ಗೆದ್ದರು, 1964ರಲ್ಲಿ ಹುಟ್ಟಿದ ಆ ಟೂರ್ನಿಗೆ ಏನೂ ಆಗಲಿಲ್ಲ.